ತರ, ತಮ ಮತ್ತು ನಮ್ಮ ‘ಗಿಂತ’

ನಮ್ಮ ಕಾಲದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. ಏಳಕ್ಕೆ ಬರುವಷ್ಟರಲ್ಲಿ ‘ಡಿಗ್ರಿ’ ಬಂತು. ಜ್ವರದ ಡಿಗ್ರಿಯಲ್ಲ, ಬಿ.ಎ. ಡಿಗ್ರಿಯೂ ಅಲ್ಲ, ಡಿಗ್ರೀಸ್ ಆಫ್ ಕಂಪ್ಯಾರಿಸನ್. ಮೇಷ್ಟ್ರು ಪಾಠವನ್ನು ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲವೆಂದು ಮೂವರನ್ನು ಎಬ್ಬಿಸಿ ಕರಿಹಲಗೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಬೆತ್ತದ ತುದಿಯಿಂದ ಒಬ್ಬೊಬ್ಬರ ತಲೆ ಮುಟ್ಟುತ್ತಾ ಹೇಳಿದರು: ಟಾಲ್, ಟಾಲರ್, ಟಾಲೆಸ್ಟ್.

‘ಟಾಲ್’ ಜಾಗದಲ್ಲಿ ನಿಂತವಳು ಇಡೀ ತರಗತಿಯಲ್ಲೇ ಗಿಡ್ಡಗಿದ್ದ ಹುಡುಗಿ. ಅವಳು ಮೆಲ್ಲಗೆ, “ಸಾರ್, ನಾನು ಉದ್ದ ಇಲ್ವಲ್ಲ ಸಾರ್” ಎಂದಳು. ಮೇಷ್ಟ್ರು, “ಇದು ಗ್ರಾಮರ್ ಕಣಮ್ಮಾ, ಸುಮ್ನೆ ನಿಂತ್ಕೋ” ಎಂದರು. ನಾವೆಲ್ಲ ನಕ್ಕೆವು. ಆ ವರ್ಷ ಪೂರ್ತಿ ಅವಳ ಅಡ್ಡಹೆಸರು ‘ಟಾಲ್’ ಆಗಿಬಿಟ್ಟಿತು.

ಅವಳು ಹೇಳಿದ್ದು ಸರಿಯಾಗಿತ್ತು ಎಂದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಟಾಲ್ ಮೊದಲ ಮೆಟ್ಟಿಲು, ಟಾಲರ್ ಎರಡನೆಯದು, ಟಾಲೆಸ್ಟ್ ಮೂರನೆಯದು ಎಂದರೆ ಟಾಲರ್ ಆದವನು ಟಾಲ್ ಆದವನಿಗಿಂತ ಎತ್ತರ ಇರಲೇಬೇಕು. ಆದರೆ ಹಾಗಿಲ್ಲವಲ್ಲ. ಒಂದು ಗಿಡ್ಡ ಮಗು ಇನ್ನೊಂದು ಗಿಡ್ಡ ಮಗುವಿಗಿಂತ ‘ಟಾಲರ್’ ಆಗಬಹುದು, ಇಬ್ಬರಲ್ಲಿ ಒಬ್ಬರೂ ‘ಟಾಲ್’ ಅಲ್ಲದೆಯೇ. ಹಾಗಿದ್ದರೆ ಮೂರು ಮೆಟ್ಟಿಲಿನ ಈ ಏಣಿ ಎಲ್ಲಿಂದ ಬಂತು?

ಬಂದದ್ದು ರೋಮ್ ನಗರದ ಒಂದು ಶಾಲೆಯಿಂದ. ಕ್ರಿ.ಶ. 4ನೇ ಶತಮಾನದಲ್ಲಿ ಅಲ್ಲಿ ಡೊನಾಟಸ್ ಎಂಬ ಮೇಷ್ಟ್ರಿದ್ದ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಇವನ ಶಿಷ್ಯ. ಎಳೆಯ ಮಕ್ಕಳಿಗೆಂದು ಇವನು ಬರೆದ ಪುಟ್ಟ ವ್ಯಾಕರಣ ‘ಆರ್ಸ್ ಮೈನರ್’ ಪೂರ್ತಿ ಪ್ರಶ್ನೋತ್ತರದ ರೂಪದಲ್ಲಿದೆ. ಗುರು ಕೇಳಬೇಕು, ಮಕ್ಕಳು ಒಪ್ಪಿಸಬೇಕು, ನಮ್ಮ ಮಗ್ಗಿಯ ಹಾಗೆ. ಅದರಲ್ಲಿ ಹೋಲಿಕೆಗೆ ಮೂರು ‘ಗ್ರಾದುಸ್’ ಎಂದಿದೆ. ಆ ಲ್ಯಾಟಿನ್ ಮಾತಿಗೆ ಹೆಜ್ಜೆ, ಮೆಟ್ಟಿಲು ಎಂದರ್ಥ. ಇಂಗ್ಲಿಷಿನ ಗ್ರೇಡ್, ಡಿಗ್ರಿ ಎರಡರ ಬೇರೂ ಅಲ್ಲಿದೆ. ಡೊನಾಟಸ್ ಕೊಟ್ಟ ಉದಾಹರಣೆ ಎತ್ತರದ್ದಲ್ಲ, ಓದಿನದು: ಓದಿದವನು, ಹೆಚ್ಚು ಓದಿದವನು, ಎಲ್ಲರಿಗಿಂತ ಹೆಚ್ಚು ಓದಿದವನು. ಬೆತ್ತ ಹಿಡಿದು ಬೆಂಚುಗಳ ಮುಂದೆ ನಿಂತ ಮೇಷ್ಟ್ರಿಗೆ ತಟ್ಟನೆ ಹೊಳೆಯುವ ಉದಾಹರಣೆಯೇ ಅದು.

ಆ ಪುಸ್ತಕದ ಒಂದು ವಿವರ ನನಗೆ ಬಹಳ ಇಷ್ಟ. ‘ಹೆಚ್ಚು ಓದಿದವನು’ ಎಂಬ ಎರಡನೆಯ ಮೆಟ್ಟಿಲು ಯಾವ ವಿಭಕ್ತಿಯ ಜೊತೆ ಬರುತ್ತದೆ ಎಂದು ಡೊನಾಟಸ್ ಮಕ್ಕಳನ್ನು ಕೇಳುತ್ತಾನೆ. ಉತ್ತರ, ನಾವು ಪಂಚಮಿ ಎನ್ನುವುದಕ್ಕೆ ಹತ್ತಿರದ ವಿಭಕ್ತಿ. ಅಂದರೆ ‘ಅವನಿಂದ ಹೆಚ್ಚು ಓದಿದವನು’ ಎನ್ನುವ ರೀತಿ. ಮೂರನೆಯ ಮೆಟ್ಟಿಲಿಗೆ ಬಹುವಚನದ ಷಷ್ಠಿ ಬೇಕು, ‘ಕವಿಗಳ ಪೈಕಿ’ ಎನ್ನುವಂತೆ. ಹೋಲಿಕೆಯಲ್ಲಿ ಇನ್ನೊಬ್ಬನೂ ಇದ್ದಾನೆ, ಅವನಿಗೂ ಒಂದು ಪ್ರತ್ಯಯ ಸಲ್ಲಬೇಕು ಎಂಬುದು ಡೊನಾಟಸನಿಗೆ ಗೊತ್ತಿತ್ತು. ಅವನ ನಂತರ ಸಾವಿರ ವರ್ಷಕ್ಕೂ ಮೇಲ್ಪಟ್ಟು ಯುರೋಪಿನ ಮಕ್ಕಳು ಈ ಪುಸ್ತಕವನ್ನು ಬಾಯಿಪಾಠ ಮಾಡಿದರು. ಆ ಗದ್ದಲದಲ್ಲಿ ಮೂರು ಮೆಟ್ಟಿಲು ಉಳಿಯಿತು, ಇನ್ನೊಬ್ಬ ಮಸುಕಾದ.

ಇತ್ತ ನಮ್ಮ ಕಡೆ ಪಾಣಿನಿ ಡೊನಾಟಸನಿಗಿಂತ ಎಷ್ಟೋ ಶತಮಾನ ಮೊದಲೇ ಇದೇ ವಿಷಯಕ್ಕೆ ಕೈಹಾಕಿದ್ದ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ತರ, ತಮ, ಈಯಸ್, ಇಷ್ಠ ಎಂಬ ನಾಲ್ಕು ಪ್ರತ್ಯಯಗಳ ಮಾತು ಬರುತ್ತದೆ. ಅಲ್ಲಿ ಏಣಿಯೇ ಇಲ್ಲ. ಮೊದಲು ಬರುವುದು ತಮ ಮತ್ತು ಇಷ್ಠ. ಒಂದು ಇನ್ನುಳಿದವನ್ನು ಮೀರಿಸುವುದನ್ನು ಹೇಳಲು ಅವು ಬೇಕು. ಆಮೇಲೆ ವಿಶೇಷ ಸಂದರ್ಭವೆಂಬಂತೆ, ಇಬ್ಬರ ನಡುವಿನ ಮಾತಾದರೆ ತರ ಮತ್ತು ಈಯಸ್ ಎನ್ನುತ್ತಾನೆ. ಶಾಲೆಯ ಕ್ರಮಕ್ಕೆ ಇದು ತಿರುಗಾಮುರುಗಾ. ಇನ್ನೂ ಸೊಗಸೆಂದರೆ ನಡುವೆ ಒಂದು ಸೂತ್ರ ಈ ತಮವನ್ನು ಕ್ರಿಯಾಪದಕ್ಕೂ ಹಚ್ಚಲು ಬಿಡುತ್ತದೆ. ‘ಪಚತಿ’ ಎಂದರೆ ಅಡುಗೆ ಮಾಡುತ್ತಾನೆ. ‘ಪಚತಿತಮಾಮ್’ ಎಂದರೆ ಮಾಡುವವರಲ್ಲೆಲ್ಲ ಮೀರಿಸಿ ಮಾಡುತ್ತಾನೆ. ಹೋಲಿಕೆ ಗುಣವಾಚಕದ ಮನೆಯ ಆಸ್ತಿಯೇನಲ್ಲ ಎಂದು ಪಾಣಿನಿಗೆ ಸ್ಪಷ್ಟವಿತ್ತು.

ಸಂಸ್ಕೃತದ ಈ ಪ್ರತ್ಯಯಗಳು ನಮ್ಮ ಬಾಯಲ್ಲಿ ದಿನವೂ ಆಡುತ್ತಿವೆ, ಆದರೆ ಹಲ್ಲು ಉದುರಿದ ಹುಲಿಗಳಂತೆ. ಶ್ರೇಷ್ಠ, ಜ್ಯೇಷ್ಠ, ಬಲಿಷ್ಠ, ಪಾಪಿಷ್ಠ ಎಲ್ಲವೂ ‘ಎಲ್ಲರಿಗಿಂತ’ ಎಂಬ ಅರ್ಥವನ್ನು ಒಡಲಲ್ಲಿ ಹೊತ್ತು ಬಂದವು. ಕನಿಷ್ಠ ಎಂದರೆ ಎಲ್ಲರಿಗಿಂತ ಕಿರಿಯ, ಅದಕ್ಕೇ ಕಿರುಬೆರಳು ಕನಿಷ್ಠಿಕೆ. ಇವತ್ತು ಕನಿಷ್ಠ ಬೆಂಬಲ ಬೆಲೆಗಾಗಿ ರೈತ ರಸ್ತೆಗಿಳಿಯುತ್ತಾನೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗುತ್ತದೆ. ಈ ಎರಡರಲ್ಲಿ ಮಾತ್ರ ಹಳೆಯ ಹರಿತ ಉಳಿದಿದೆ. ಉಳಿದಂತೆ ಉತ್ತಮ ಎನ್ನುವುದು ‘ಉದ್’ಗೆ ತಮ ಸೇರಿ ತಾನೇ ತುತ್ತತುದಿಯಲ್ಲಿದ್ದರೂ ನಮಗೆ ಸಾಲದು. ಅತ್ಯುತ್ತಮ ಬೇಕು, ಅದೂ ಸಾಲದೆ ಭಾಷಣಗಳಲ್ಲಿ ‘ಅತ್ಯಂತ ಶ್ರೇಷ್ಠತಮ’ ಕೇಳುತ್ತೇವೆ. ಇಂಗ್ಲಿಷರಿಗೂ ಈ ಚಟವಿತ್ತು. ಶೇಕ್ಸ್‌ಪಿಯರ್ ಧಾರಾಳವಾಗಿ ಮೋಸ್ಟ್ ಜೊತೆಗೆ ಎಸ್ಟ್ ಸೇರಿಸಿ ಬರೆದ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ವೈಯಾಕರಣ ಇಂಥ ಇಮ್ಮಡಿ ರೂಪಗಳು ತಪ್ಪೆಂದು ತೀರ್ಪು ಕೊಟ್ಟ. ಹಾಗೆಂದು ಷ್ಠ ಕಂಡಲ್ಲೆಲ್ಲ ಇಷ್ಠ ಹುಡುಕಬಾರದು. ವಸಿಷ್ಠನ ಹೆಸರಿನಲ್ಲಿ ಅದಿದೆ. ಯುಧಿಷ್ಠಿರನಲ್ಲಿ ಇಲ್ಲ, ಅವನು ಯುದ್ಧದಲ್ಲಿ ಸ್ಥಿರ. ಇನ್ನು ವ್ಯಾಕರಣದ ಉತ್ತಮ ಪುರುಷ ಯಾರು ಎಂದರೆ ‘ನಾನು’. ‘ನಾನು’ ಎನ್ನುವವನಿಗೇ ಆ ಪಟ್ಟ ಸಿಕ್ಕಿದೆ ಎಂದು ಹಿಗ್ಗಬೇಕಿಲ್ಲ, ಅಲ್ಲಿ ಉತ್ತಮ ಎಂದರೆ ಸಾಲಿನ ಕೊನೆಯವನು ಎಂದಷ್ಟೇ.

ಈಗ ಕನ್ನಡಕ್ಕೆ ಬರೋಣ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಎಂಟು ಪ್ರಕರಣಗಳಿವೆ: ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ. ತರತಮಕ್ಕೆಂದು ಒಂದು ಪ್ರಕರಣವಿಲ್ಲ. ಮರೆತದ್ದಲ್ಲ, ಕನ್ನಡದಲ್ಲಿ ಅದಕ್ಕೆ ಬೇರೆ ಕೋಣೆ ಬೇಕಿರಲಿಲ್ಲ. ಹೋಲಿಸುವಾಗ ನಮ್ಮ ಗುಣವಾಚಕ ಅಲುಗಾಡುವುದಿಲ್ಲ. ದೊಡ್ಡ ಎಂಬುದು ಒಬ್ಬನ ಮುಂದೆಯೂ ದೊಡ್ಡ, ನೂರು ಜನರ ಮುಂದೆಯೂ ದೊಡ್ಡ. ಬದಲಾಗುವುದು ಯಾರ ಜೊತೆ ಹೋಲಿಸುತ್ತೇವೋ ಆ ಹೆಸರು. ಹಳಗನ್ನಡದಲ್ಲಿ ಅದಕ್ಕೆ ‘ಇಂ’ ಹತ್ತುತ್ತಿತ್ತು. ‘ಆನೆಯಿಂ ಪಿರಿದು’ ಎಂದರೆ ಆನೆಗಿಂತ ದೊಡ್ಡದು, ಡೊನಾಟಸನ ಎರಡನೆಯ ಪ್ರಶ್ನೆಯ ಉತ್ತರದ ಹಾಗೆಯೇ. ಹಿಂದಿಯವರು ಇಂದಿಗೂ ‘ಸೇ’ ಎನ್ನುತ್ತಾರೆ. ನಾವು ‘ಗೆ, ಕ್ಕೆ’ ಮೇಲೆ ‘ಇಂತ’ ಕೂಡಿಸಿ ಗಿಂತ, ಕ್ಕಿಂತ ಮಾಡಿಕೊಂಡೆವು. ಧಾರವಾಡದ ಕಡೆ ‘ನನಕಿಂತ ಸಣ್ಣಾಂವ’ ಎನ್ನುತ್ತಾರೆ. ಮರಾಠಿಯ ‘ಪೇಕ್ಷಾ’ ಹುಟ್ಟಿದ್ದು ‘ಅಪೇಕ್ಷಾ’ದಿಂದ. ತಮಿಳರ ‘ಅವನೈ ವಿಡ’ದಲ್ಲಿರುವುದು ನಮ್ಮ ‘ಬಿಡು’. ಅವನನ್ನು ಬಿಟ್ಟು ನೋಡಿದರೆ ಇವನು ದೊಡ್ಡವನು.

ತುತ್ತತುದಿಯನ್ನು ಹೇಳುವುದಕ್ಕೂ ನಮಗೆ ಮೂರನೆಯ ರೂಪ ಬೇಕಿಲ್ಲ. ‘ಎಲ್ಲರಿಗಿಂತ’ ಎಂದರೆ ಮುಗಿಯಿತು. ಅದಕ್ಕಿಂತ ಚಂದದ ದಾರಿ ಗಾದೆಯಲ್ಲಿದೆ: ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಇಲ್ಲಿ ಗುಣವಾಚಕವೇ ಇಲ್ಲ, ಆದರೂ ಇದಕ್ಕಿಂತ ಮೇಲಿನ ಸೂಪರ್‌ಲೇಟಿವ್ ಎಲ್ಲಿದೆ? ಎಸ್ಸೆಸ್ಸೆಲ್ಸಿಯ ಪ್ರಶ್ನೆಪತ್ರಿಕೆಯಲ್ಲಿ ‘ನೋ ಅದರ್’ ಎಂದು ಶುರುವಾಗುವ ವಾಕ್ಯ ಕಂಡು ಕೈ ನಡುಗಿಸುವ ಹುಡುಗನ ಅಜ್ಜಿ ಅದೇ ಕಟ್ಟಿನ ಮಾತನ್ನು ಸಾರಿಗೆ ಉಪ್ಪು ಹಾಕುವಾಗ ಆಡಿರುತ್ತಾಳೆ.

ಈ ವ್ಯತ್ಯಾಸ ಮೊದಲು ಕಣ್ಣಿಗೆ ಬಿದ್ದದ್ದು ಹೊರಗಿನವರಿಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು, ಮೆಕೆರೆಲ್‌ನದು 1820ರಲ್ಲಿ ಮದರಾಸಿನಲ್ಲಿ. ಇಂಗ್ಲಿಷ್ ಬಲ್ಲವರಿಗೆ ಕನ್ನಡ ಕಲಿಸಲು ಬರೆದ ಪುಸ್ತಕಗಳಿವು. ಕಲಿಯುವ ಕಲೆಕ್ಟರನೋ ಪಾದ್ರಿಯೋ ನಿಮ್ಮ ಇಆರ್ ಎಲ್ಲಿ, ಇಎಸ್‌ಟಿ ಎಲ್ಲಿ ಎಂದು ಹುಡುಕುವವನೇ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಇದನ್ನು ನೇರವಾಗಿ ಹೇಳಿದ: ಈ ಭಾಷೆಗಳಲ್ಲಿ ಗುಣವಾಚಕಕ್ಕೆ ಪ್ರತ್ಯಯ ಹಚ್ಚಿ ಹೋಲಿಸುವ ಪದ್ಧತಿಯಿಲ್ಲ, ವಾಕ್ಯದ ಕಟ್ಟೇ ಹೋಲಿಕೆಯನ್ನು ಹೊರುತ್ತದೆ. ಅವನಿಗೆ ಇದು ಹೀಬ್ರೂ ಮೊದಲಾದ ಸೆಮಿಟಿಕ್ ಭಾಷೆಗಳನ್ನು ನೆನಪಿಸಿತು.

ಹೊರಗಿನವರು ಕಂಡದ್ದನ್ನು ನಮ್ಮ ಶಾಲೆಗಳು ಕಾಣಲಿಲ್ಲ. ಕಾರಣ, ಆ ಹೊತ್ತಿಗೆ ಇಂಗ್ಲಿಷ್ ವ್ಯಾಕರಣವೇ ವ್ಯಾಕರಣದ ಅಚ್ಚಾಗಿತ್ತು. ಲಿಂಡ್ಲಿ ಮರ್ರೆ ಎಂಬಾತ ಅಮೆರಿಕದ ವಕೀಲ, ವೃತ್ತಿ ಬಿಟ್ಟು ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ನೆಲೆಸಿದ್ದ. ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯರು ಕೇಳಿಕೊಂಡರೆಂದು 1795ರಲ್ಲಿ ಅವನು ಬರೆದುಕೊಟ್ಟ ವ್ಯಾಕರಣ ಮುಂದೆ ಲಕ್ಷಗಟ್ಟಲೆ ಮಾರಾಟವಾಗಿ ಸಾಮ್ರಾಜ್ಯವೆಲ್ಲ ಸುತ್ತಿತು. 1836ರಲ್ಲಿ ದಾದೋಬಾ ಪಾಂಡುರಂಗ ತರ್ಖಡಕರ್ ಬರೆದ ಮರಾಠಿ ವ್ಯಾಕರಣದ ಮೇಲೆ ಮರ್ರೆಯ ನೆರಳು ದಟ್ಟವಾಗಿದೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳೂ ಅದೇ ಸರ್ಕಾರದ ಕೆಳಗಿದ್ದವು. ಮುಂದೆ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಪುಸ್ತಕವನ್ನಂತೂ ಹೇಳುವುದೇ ಬೇಡ, ಅದು ಇವತ್ತಿಗೂ ಅಂಗಡಿಯಲ್ಲಿದೆ. ರೋಮಿನಿಂದ ಯಾರ್ಕ್, ಯಾರ್ಕಿನಿಂದ ಮುಂಬಯಿ, ಮದರಾಸು. ಆ ಏಣಿಯನ್ನು ಇಷ್ಟು ದೂರ ಹೊತ್ತು ತಂದು ನಮ್ಮ ಏಳನೇ ತರಗತಿಯ ಗೋಡೆಗೆ ಒರಗಿಸಿದರು.

ಅದನ್ನು ಹತ್ತುವ ಕನ್ನಡದ ಮಗು ಎಡವುವುದೂ ಒಂದು ಲೆಕ್ಕದಲ್ಲೇ. ‘ರಾಮು ಈಸ್ ದ್ಯಾನ್ ಸೋಮು ಟಾಲ್’ ಎಂದು ಬರೆದ ಮಗು ದಡ್ಡನಲ್ಲ. ಸೋಮುಗಿಂತ ಎಂಬುದನ್ನು ಕನ್ನಡದ ಜಾಗದಲ್ಲೇ ಇಟ್ಟು, ಕನ್ನಡದ ಗುಣವಾಚಕದಂತೆ ಟಾಲ್ ಅನ್ನು ಮುಟ್ಟದೆ ಬಿಟ್ಟಿದೆ. ‘ಮೋರ್ ಟಾಲರ್’ ಬರೆದ ಮಗು ‘ಹೆಚ್ಚು ಎತ್ತರ’ವನ್ನು ಅನುವಾದಿಸಿ, ಮೇಲೆ ಮೇಷ್ಟ್ರ ಸಮಾಧಾನಕ್ಕೆ ಒಂದು ಇಆರ್ ಹಾಕಿದೆ. ಕೆಂಪು ಶಾಯಿಯಲ್ಲಿ ಗೀಟು ಎಳೆಯುವ ಮೊದಲು ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಅದನ್ನು ಪಂಡಿತರ ಜಗಳವೆಂದು ಹಲವರು ಬದಿಗಿಟ್ಟರು. ಈ ಮಕ್ಕಳ ನೋಟ್‌ಬುಕ್ ನೋಡಿದರೆ ನನಗೆ ಹಾಗನ್ನಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಹೇಳದೆ ಮುಂದೆ ಹೋಗಲಾರೆ. ತರ ಮತ್ತು ತಮ ಎಂಬ ಎರಡು ಬಡಪಾಯಿ ಪ್ರತ್ಯಯಗಳು ಕೂಡಿ ‘ತರತಮ’ವಾಗಿ, ಅದರಿಂದ ‘ತಾರತಮ್ಯ’ ಹುಟ್ಟಿತು. ವ್ಯಾಕರಣದ ಕೊನೆಯಕ್ಷರಗಳಿಂದ ಇಂಥ ಭಾರವಾದ ಪದ ಬೇರೆ ಎಷ್ಟು ಹುಟ್ಟಿರಬಹುದೋ. ಮಧ್ವಮತದಲ್ಲಿ ಅದು ತತ್ತ್ವ; ದೇವತೆಗಳಿಂದ ಹಿಡಿದು ಜೀವರವರೆಗೆ ಎಲ್ಲರೂ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವ ಕ್ರಮ. ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ತಾರತಮ್ಯದ ಹೆಸರಿನ ಸಂಧಿಗಳೇ ಇವೆ. ಇಂದಿನ ಪತ್ರಿಕೆಯಲ್ಲಿ ಅದೇ ಪದ ಲಿಂಗ ತಾರತಮ್ಯ, ಜಾತಿ ತಾರತಮ್ಯವೆಂದು ದೂರಿನ ರೂಪದಲ್ಲಿ ಬರುತ್ತದೆ. ಮೂವರು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದಾಗ ನಮ್ಮ ತರಗತಿಯಲ್ಲಿ ನಡೆದದ್ದು ತರತಮದ ಪಾಠವೋ ತಾರತಮ್ಯದ ಪಾಠವೋ? ಎತ್ತರವಾದರೂ ಆಯಿತು. ಕೆಲವು ಕಡೆ ಬಣ್ಣ ತೋರಿಸಿ ಫೇರ್, ಫೇರರ್ ಹೇಳಿಸಿದ್ದನ್ನು ಕೇಳಿದ್ದೇನೆ. ಫ್ಯಾಟ್, ಫ್ಯಾಟರ್ ಅಂತೂ ಸರ್ವೇಸಾಮಾನ್ಯ. ಪಾಠ ಮರೆತುಹೋಗುತ್ತದೆ, ಅಡ್ಡಹೆಸರು ಮದುವೆಯ ಮಂಟಪದವರೆಗೆ ಬರುತ್ತದೆ.

ಏಣಿಯ ತಪ್ಪನ್ನು ವಿದ್ವಾಂಸರೂ ಹಿಡಿದಿದ್ದಾರೆ. ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ತೀರಿಕೊಂಡ ಮೇಲೆ, 1944ರಲ್ಲಿ, ‘ಗ್ರೇಡಿಂಗ್’ ಎಂಬ ಅವನ ಪ್ರಬಂಧ ಅಚ್ಚಾಯಿತು. ದೊಡ್ಡ, ಸಣ್ಣ, ಎತ್ತರ ಎಂಬ ಮಾತುಗಳೆಲ್ಲ ಮೂಲದಲ್ಲೇ ಹೋಲಿಕೆಗಳು ಎಂಬುದು ಅದರ ತಿರುಳು. ದೊಡ್ಡ ಇರುವೆ ಸಣ್ಣ ಆನೆಯ ಉಗುರಿಗೂ ಸಮವಲ್ಲ. ‘ಟಾಲ್’ ಎಂಬುದು ನೆಲಮಟ್ಟದ ಮೆಟ್ಟಿಲು, ‘ಟಾಲರ್’ ಅದರ ಮೇಲಿನದು ಎಂದು ವ್ಯಾಕರಣ ತೋರಿಸುವ ಕ್ರಮ ತರ್ಕಕ್ಕೆ ತಲೆಕೆಳಗು. ಮನಸ್ಸು ಮೊದಲು ಎರಡನ್ನು ಅಕ್ಕಪಕ್ಕ ಇಟ್ಟು ನೋಡುತ್ತದೆ, ಎತ್ತರ ಎಂಬ ಹೆಸರು ಆಮೇಲಿನದು. ನಮ್ಮ ತರಗತಿಯ ಆ ಗಿಡ್ಡ ಹುಡುಗಿ ಇದೇ ಆಕ್ಷೇಪವನ್ನು ಒಂದೇ ವಾಕ್ಯದಲ್ಲಿ ಎತ್ತಿದ್ದಳು.

ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದ ಜೀನ್ ಪಿಯಾಜೆ ಬೇರೆ ಬೇರೆ ಉದ್ದದ ಕಡ್ಡಿಗಳನ್ನು ಕೊಟ್ಟು ಸಾಲಾಗಿ ಜೋಡಿಸಲು ಹೇಳುತ್ತಿದ್ದ. ನಾಲ್ಕೈದು ವರ್ಷದವರು ಒಂದು ಉದ್ದ, ಒಂದು ಗಿಡ್ಡ ಎಂದು ಜೋಡಿ ಜೋಡಿ ಮಾಡುತ್ತಾರೆ, ಪೂರ್ತಿ ಸಾಲು ಕೂಡಿಬರುವುದಿಲ್ಲ. ನಡುವಿನ ಕಡ್ಡಿ ಇದಕ್ಕಿಂತ ದೊಡ್ಡದು, ಅದೇ ಹೊತ್ತಿಗೆ ಅದಕ್ಕಿಂತ ಸಣ್ಣದು ಎಂಬುದು ಸುಮಾರು ಏಳರ ಹೊತ್ತಿಗೆ ಕೈವಶವಾಗುತ್ತದೆ. ಅಂದರೆ ಮೊದಲು ಇಬ್ಬರ ಮಾತು, ಸಾಲು ಅದರ ನಂತರ.

ಮಾಂಟೆಸೊರಿ ತನ್ನ ಮೊದಲ ಶಿಶುಮನೆ ತೆರೆದದ್ದು 1907ರಲ್ಲಿ, ಅದೂ ಡೊನಾಟಸನ ರೋಮಿನಲ್ಲೇ. ಅವಳ ಗುಲಾಬಿ ಗೋಪುರ ನೋಡಿರುತ್ತೀರಿ: ಹತ್ತು ಮರದ ಘನಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಮಗು ಎರಡನ್ನು ಕೈಯಲ್ಲಿ ಹಿಡಿದು ತೂಗುತ್ತದೆ, ತಪ್ಪಿ ಇಟ್ಟರೆ ಗೋಪುರವೇ ಸೊಟ್ಟಗಾಗಿ ಹೇಳುತ್ತದೆ. ಹೆಸರುಗಳು ಕೈಯ ಹಿಂದೆ ಬರುತ್ತವೆ. ಮಾಂಟೆಸೊರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದಿಂದಾಗಿ ಅಡ್ಯಾರು, ಕೊಡೈಕೆನಾಲ್‌ಗಳಲ್ಲಿ ವರ್ಷಗಟ್ಟಲೆ ಉಳಿದು ಶಿಕ್ಷಕರನ್ನು ತಯಾರು ಮಾಡಿದಳು. ಹೋಲಿಕೆಯ ಪಾಠದ ಚರಿತ್ರೆಯಲ್ಲಿ ನನಗೆ ಇದು ದೊಡ್ಡ ತಿರುವಾಗಿ ಕಾಣುತ್ತದೆ. ಡೊನಾಟಸ್ ಮನುಷ್ಯರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದ, ಇವಳು ಮರದ ತುಂಡುಗಳನ್ನು ನಿಲ್ಲಿಸಿದಳು.

ನನ್ನ ಬಳಿ ಗುಲಾಬಿ ಗೋಪುರವಿರಲಿಲ್ಲ. ಹೋದ ಬೇಸಗೆ ರಜೆಯಲ್ಲಿ ಓಣಿಯ ಐದಾರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕಾಗಿ ಬಂದಾಗ ಅಟ್ಟದಿಂದ ಅಜ್ಜಿಯ ಕಾಲದ ಹಿತ್ತಾಳೆ ಅಳತೆಗಳನ್ನು ಇಳಿಸಿದೆ. ಚಟಾಕು, ಪಾವು, ಅಚ್ಚೇರು, ಸೇರು. ರಾಗಿ ತುಂಬಿಸಿ ಸುರಿಯುತ್ತಾ ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಎಂದು ಅವರೇ ಕಂಡುಕೊಂಡರು, ಜಗಲಿಯ ತುಂಬ ರಾಗಿ ಚೆಲ್ಲಿತು. ಎಲ್ಲರ ಹೋಲಿಕೆಯೂ ಕನ್ನಡದಲ್ಲೇ ನಡೆಯಿತು, ಒಂದೇ ಸಮನೆ ಗಿಂತ, ಗಿಂತ. ನಡುವೆ ನಾನು ಪಾವನ್ನು ಒಂದೇ ಎತ್ತಿ ಹಿಡಿದು, “ಇದು ದೊಡ್ಡದೋ ಸಣ್ಣದೋ?” ಎಂದು ಎರಡನೇ ತರಗತಿಯ ಹುಡುಗಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಿ, “ಯಾವುದಕ್ಕಿಂತ ಮಾಮ?” ಎಂದಳು.

ಆಮೇಲೆ ಇಂಗ್ಲಿಷಿಗೆ ಬಂದೆವು. ಪಾವಿನ ಪಕ್ಕ ಚಟಾಕು ಇಟ್ಟು ‘ಬಿಗ್ಗರ್ ದ್ಯಾನ್’, ಸೇರು ಇಟ್ಟು ‘ಸ್ಮಾಲರ್ ದ್ಯಾನ್’. ‘ದ್ಯಾನ್’ ಎಂದರೆ ನಮ್ಮ ಗಿಂತ, ಆದರೆ ಇಂಗ್ಲಿಷಿನವರು ಅದನ್ನು ಹೆಸರಿನ ಮುಂದೆ ಇಡುತ್ತಾರೆ ಎಂದೆ. ಒಪ್ಪಿಕೊಂಡರು. ಸಂಜೆ ನೋಟ್‌ಬುಕ್ ನೋಡಿದರೆ ಇಬ್ಬರು ‘ಮೋರ್ ಬಿಗ್ಗರ್’ ಎಂದೇ ಬರೆದಿದ್ದರು. ಅದನ್ನು ನಾಳೆ ನೋಡಿದರಾಯಿತೆಂದು ರಾಗಿ ಗುಡಿಸಲು ಕೂತೆ.